ಮದುವೆ ಲಾರಿಯ ಎಂಜಿನ್ ತೊಳೆದ ಬಗ್ಗೆ

ಹೊರನಾಡು ದುಡಿಮೆಗಾರರ ಸಾಗಾಟ ಮಂಡಳಿ
ತೊಳೆಯುವಿಕೆ ಮತ್ತು ಚಾಲನೆ ಶಾಖೆ
ಸಾಂಕೋಲೆ, ಗೋವಾ

ಸಂಖ್ಯೆ: ತೊಚಾ/ಲಾರಿ/ಒದ್ದೆ/2025
ದಿನಾಂಕ: ಲಾರಿ ಒಣಗಿದ ಮರುದಿನ

ಸುತ್ತೋಲೆ

ವಿಷಯ: ಎಂಜಿನ್ ತೊಳೆದ ನಂತರ ಲಾರಿ ಚಾಲೂ ಆಗದಿದ್ದಲ್ಲಿ ಅನುಸರಿಸಬೇಕಾದ ಕ್ರಮಗಳು, ಅದೇ ದಿನ ಅದೇ ಲಾರಿಯಲ್ಲಿ ಮದುವೆ ದಿಬ್ಬಣ ಹೊರಡುವುದಿದ್ದಲ್ಲಿ ಅನುಸರಿಸಬೇಕಾದ ಹೆಚ್ಚುವರಿ ಕ್ರಮಗಳು.

ಉಲ್ಲೇಖ:
(ಅ) ಮಗಳ ಮದುವೆಗೆ ಲಾರಿ ಬೇಕೆಂದು ಹಮಾಲ ಕಂಠೆಪ್ಪ ಅವರು ಮಾಡಿದ ಬಾಯಿಮಾತಿನ ಮನವಿ.
(ಆ) ಲಾರಿಯು ಒಳಗೂ ಹೊರಗೂ ಫಳಫಳ ಹೊಳೆಯತಕ್ಕದ್ದು ಎಂಬ ಈ ಶಾಖೆಯ ಮೌಖಿಕ ಆದೇಶ.
(ಇ) ಅಂಥ ಆದೇಶವನ್ನು ತಾನು ಕೊಟ್ಟೇ ಇಲ್ಲವೆಂಬ ಇದೇ ಶಾಖೆಯ ಮೌಖಿಕ ಸ್ಪಷ್ಟೀಕರಣ.

ಪೀಠಿಕೆ:

ಮಂಡಳಿಯ ಬಳಿ ಲಾರಿ ಒಂದೇ ಇದ್ದು, ಅದರ ಉಸ್ತುವಾರಿಗೆ ಶಾಖೆಗಳು ಐದು ಇರುವುದು ಎಲ್ಲರಿಗೂ ತಿಳಿದ ವಿಷಯ. ಸದರಿ ಲಾರಿಯನ್ನು, ಸಾಂಕೋಲೆಯ ಗೋದಾಮಿನಲ್ಲಿ ಹಮಾಲಿ ಮಾಡುವ ಕಂಠೆಪ್ಪ ಮತ್ತು ಅವರ ಪತ್ನಿ ಫಕೀರವ್ವ ಇವರ ಮಗಳಾದ ಅಶ್ವಿನಿಯ ಮದುವೆಗೆ ಒದಗಿಸಲು ಒಪ್ಪಲಾಗಿತ್ತು. ವರ ಭರತ ಉಸಗಾಂವದವರು. ಗಣಿಯ ರಸ್ತೆಯಲ್ಲಿ ಧೂಳು ಏಳದಂತೆ ನೀರು ಹೊಡೆಯುವ ಟ್ಯಾಂಕರಿನ ಚಾಲಕರು. ಮದುವೆಯೂ ಊಟವೂ ಉಸಗಾಂವದಲ್ಲಿ. ಹೆಣ್ಣಿನ ಕಡೆಯವರು ಬೆಳಿಗ್ಗೆ ಲಾರಿ ಹತ್ತಿ ಬೋರಿ ಸೇತುವೆ ದಾಟಿ, ಫೋಂಡಾ ಮೇಲೆ ಹಾಯ್ದು ಅಕ್ಷತೆಯ ಹೊತ್ತಿಗೆ ಅಲ್ಲಿರತಕ್ಕದ್ದು ಎಂದು ತೀರ್ಮಾನವಾಗಿತ್ತು.

ಲಾರಿ ಹೊರಡಲಿಲ್ಲ. ಇಂಥ ಪ್ರಸಂಗ ಮರುಕಳಿಸದಿರಲೆಂದು, ಮರುಕಳಿಸಿದಲ್ಲಿ ಈ ಶಾಖೆಯನ್ನು ಯಾರೂ ಬೈಯದಿರಲೆಂದು, ಕೆಳಕಂಡ ನಿಯಮಗಳನ್ನು ಹೊರಡಿಸಲಾಗಿದೆ. ಪ್ರತಿ ನಿಯಮದ ಹಿಂದೆ ನಡೆದದ್ದನ್ನೂ ತಿಳಿಸಲಾಗಿದೆ, ಏಕೆಂದರೆ ಅದನ್ನು ತಿಳಿಸದೆ ಇದ್ದರೆ ನಿಯಮಗಳನ್ನು ಹುಚ್ಚರು ಬರೆದಂತೆ ಕಾಣುತ್ತದೆ ಎಂದು ಕಾನೂನು ಸಲಹೆ ಬಂದಿದೆ.

1. 'ಲಾರಿ ತೊಳೆಯುವುದು' ಎಂದರೆ ಇನ್ನು ಮುಂದೆ ಲಾರಿಯ ಹೊರಮೈ ತೊಳೆಯುವುದು ಎಂದೇ ಅರ್ಥ ಮಾಡಿಕೊಳ್ಳತಕ್ಕದ್ದು. ಎಂಜಿನ್ ಎಂಬುದು ಲಾರಿಯ ಒಳಗೆ ಇರುತ್ತದೆ ಎಂಬುದನ್ನು ಈ ಮೂಲಕ ದೃಢೀಕರಿಸಲಾಗಿದೆ.

ಮದುವೆಯ ದಿನ ಬೆಳಿಗ್ಗೆ ಲಾರಿಯನ್ನು ನಮ್ಮ ಅಂಗಳದ ಪಕ್ಕದಲ್ಲಿರುವ ವಾಹನ ತೊಳೆಯುವ ಜಾಗಕ್ಕೆ ಒಯ್ಯಲಾಯಿತು. ಚಾಲಕ ಮೋತಿಲಾಲ ಅವರು ಕ್ಯಾಬಿನನ್ನು ಮುಂದಕ್ಕೆ ಬಗ್ಗಿಸಿ ಎಂಜಿನ್ ತೆರೆದಿಟ್ಟರು. ಮೊದಲ ನೀರನ್ನು ಶಾಖೆಯ ಮುಖ್ಯಸ್ಥರು ಪೈಪು ಹಿಡಿದು ಉದ್ಘಾಟಿಸಿದರು. ಫೋಟೊ ತೆಗೆಯಲಾಯಿತು. ಫೋಟೊ ಸರಿ ಬರಲಿಲ್ಲವಾದ್ದರಿಂದ ಎರಡನೆಯ ಸಲ ಉದ್ಘಾಟಿಸಿದರು. ಅಲ್ಲಿಯ ಮಾಲೀಕರು "ಪಾತ್ರಾಂವ, ಪ್ರೆಶರ್ ಚಡ್ ಆಸಾ" ಎಂದು ಕೂಗಿದರು. ಯಜಮಾನರೇ, ಒತ್ತಡ ಜಾಸ್ತಿ ಇದೆ ಎಂಬ ಈ ಕೊಂಕಣಿ ಮಾತು ಎಚ್ಚರಿಕೆಯೇ ಹೊರತು ಜಾಹೀರಾತಲ್ಲ ಎಂಬುದು ತಡವಾಗಿ ತಿಳಿದುಬಂದಿದೆ.

ಮೋತಿಲಾಲ ಅವರು ಇದನ್ನು ವಿರೋಧಿಸಿದರೇ ಎಂದು ವಿಚಾರಣೆಯಲ್ಲಿ ಕೇಳಲಾಯಿತು. ವಿರೋಧಿಸಿಲ್ಲ. ಅವರೇ ಮನೆಯಿಂದ ಮಲ್ಲಿಗೆ ಪರಿಮಳದ ಶಾಂಪೂ ತಂದಿದ್ದರು. ಅವರ ಹೇಳಿಕೆ: "ಹಲ್ಲ ತಿಕ್ಕಿಧಂಗ ತಿಕ್ಕೀನ್ರಿ ಸಾಹೇಬ್ರ. ಎಷ್ಟ ಹೊಳಿಯಾಕತ್ತಿತ್ತಂದ್ರ, ಅದರಾಗ ಮುಖಾ ನೋಡಿ ಬೈತಲಿ ತಗೀಬೇಕು, ಹಂಗ."

2. ತೊಳೆದ ಎಂಜಿನ್ ಚಾಲೂ ಆಗದಿದ್ದಲ್ಲಿ ಕೀಲಿಯನ್ನು ಪದೇ ಪದೇ ತಿರುಗಿಸತಕ್ಕದ್ದಲ್ಲ. ಒಳಗೆ ನೀರಿದ್ದರೆ ಕೆಡದೇ ಉಳಿದದ್ದೂ ಕೆಡುತ್ತದೆ. 'ಕೈಗುಣ' ಎಂಬುದು ಸ್ಟಾರ್ಟರ್ ಮೋಟಾರಿಗೆ ಅನ್ವಯಿಸುವುದಿಲ್ಲ.

ತೊಳೆದ ಲಾರಿಯನ್ನು ಇಳಿಜಾರಿನಲ್ಲಿ ನೂಕಿಕೊಂಡೇ ಅಂಗಳಕ್ಕೆ ತರಲಾಗಿತ್ತು. ಆಗ ಯಾರಿಗೂ ಅನುಮಾನ ಬರಲಿಲ್ಲ. ಹಿಂಬದಿಗೆ ಬಾಳೆಕಂಬ, ಮಾವಿನ ತೋರಣ ಕಟ್ಟಿ, ಜಮಖಾನೆ ಹಾಸಿ, ವಧುವೊಬ್ಬರನ್ನು ಬಿಟ್ಟು ಬಳಗವೆಲ್ಲ ಹತ್ತಿ ಕೂತ ಮೇಲೆ ಮೋತಿಲಾಲ ಕೀಲಿ ತಿರುಗಿಸಿದರು. 'ಟಕ್' ಎಂದಿತು. ಇನ್ನೊಮ್ಮೆ ತಿರುಗಿಸಿದರು. 'ಟಕ್'. ಕೂಡಲೇ ವಧುವಿನ ಸೋದರಮಾವಂದಿರು ಒಬ್ಬೊಬ್ಬರಾಗಿ ಕೆಳಗಿಳಿದು, "ಸರೀರಿ, ನನ್ನ ಕೈಗುಣ ಛಲೋ ಐತಿ" ಎಂದು ಸೀಟಿಗೆ ಏರಿದರು. ಕೈಗುಣ ಮುಗಿಯುವ ಹೊತ್ತಿಗೆ ಬ್ಯಾಟರಿಯೂ ಅರ್ಧ ಮುಗಿದಿತ್ತು.

3. ನಿಂತ ಲಾರಿಯ ಚಕ್ರದ ಕೆಳಗೆ ಲಿಂಬೆಹಣ್ಣು ಇಡುವುದನ್ನು ನಿಲ್ಲಿಸಲಾಗಿದೆ. ಲಿಂಬೆಹಣ್ಣು ಒಡೆಯದೆ ಲಾರಿ ಚಲಿಸದು ಎಂಬುದು ಹಿರಿಯರ ವಾದ. ಲಾರಿ ಚಲಿಸದೆ ಲಿಂಬೆಹಣ್ಣು ಒಡೆಯದು ಎಂಬುದು ಶಾಖೆಯ ಅನುಭವ. ಈ ಕುರಿತು ಸುದೀರ್ಘ ಚರ್ಚೆ ನಡೆದು, ಬಿಸಿಲು ಏರಿದ ಕಾರಣ ಹಣ್ಣುಗಳನ್ನು ಪಾನಕದ ಬಾಬತ್ತಿಗೆ ವರ್ಗಾಯಿಸಲಾಯಿತು.

4. ಬೀಗರಿಗೆ ಸುದ್ದಿ ಮುಟ್ಟಿಸುವಾಗ ಲಾರಿಯ ಸ್ಥಿತಿಯನ್ನು ನೇರವಾಗಿ ತಿಳಿಸತಕ್ಕದ್ದು. ಶಾಖೆಯ ಮುಖ್ಯಸ್ಥರು ಫೋನಿನಲ್ಲಿ "ಶುಚಿತ್ವ ಕಾರ್ಯವು ನಿರೀಕ್ಷೆಗಿಂತ ಆಳಕ್ಕೆ ತಲುಪಿದೆ" ಎಂದು ಹೇಳಿದ್ದರಿಂದ, ಮದುಮಗಳು ಬಾವಿಗೆ ಬಿದ್ದಿದ್ದಾಳೆಂದು ಉಸಗಾಂವದಲ್ಲಿ ಗಾಬರಿಯಾಯಿತು.

ಈ ಹಂತದಲ್ಲಿ ವಿಷಯ ಗಂಭೀರವಾಯಿತು ಎಂಬುದನ್ನು ನಮೂದಿಸುವುದು ಅಗತ್ಯ. ಬಾವಿಯಲ್ಲ, ಲಾರಿ ಎಂದು ತಿಳಿದ ಮೇಲೆ ವರನ ದೊಡ್ಡಪ್ಪ ಫೋನು ಇಸಿದುಕೊಂಡು, "ಹೊರಡೂ ಹೊತ್ತಿಗೆ ಗಾಡಿ ನಿಂತೇತಿ ಅಂದ್ರ ಶಕುನ ಛಲೋ ಇಲ್ಲ. ಇವತ್ತ ಬ್ಯಾಡ, ಮುಂದಿನ ವರ್ಷ ನೋಡೂಣು" ಎಂದರು. ಅಷ್ಟರಲ್ಲಿ ಇತ್ತಲೂ ಫೋನು ಕಂಠೆಪ್ಪ ಅವರ ಕೈಗೆ ಬಂದಿತ್ತು. ಫೋನು ಕಿವಿಗೆ ಹಿಡಿದುಕೊಂಡೇ ಹಳೆ ಟಾಯರಿನ ಮೇಲೆ ಕೂತುಬಿಟ್ಟರು. ಕಟ್ಟಾದ ಮೇಲೆ ಅವರು ಹೇಳಿದ್ದಿಷ್ಟು: "ಮಂದೀಗೆ ಏನಂತ ಹೇಳ್ಲಿ? ಲಾರಿ ಜಳಕಾ ಮಾಡೇತಿ, ತಲಿ ಒಣಗಿಲ್ಲ, ಅದಕ್ಕ ನನ್ನ ಮಗಳ ಲಗ್ನಾ ನಿಂತೇತಿ ಅಂತ ಹೇಳ್ಲೇನು?"

ಸದರಿ ಪ್ರಶ್ನೆಯನ್ನು ಕಡತದಲ್ಲಿ ನಮೂದಿಸಿಕೊಳ್ಳಲಾಗಿದೆ.

5. ಒದ್ದೆಯಾದ ಎಂಜಿನ್ನಿಗೆ ಕೂದಲು ಒಣಗಿಸುವ ಯಂತ್ರ ಬಳಸಬಹುದಾಗಿದೆ. ಆದರೆ ಆ ಹೊತ್ತಿಗೆ ಅದು ಬೇರೆಯವರ ಕೂದಲಿನಲ್ಲಿ ಇರಬಾರದು.

ವಾಸ್ಕೋದಿಂದ ಬಂದ ಕೈನಾತ ಎಂಬ ಶೃಂಗಾರ ಮಾಡುವ ಹೆಣ್ಣುಮಗಳು ಆ ವೇಳೆಗೆ, ಅಂಗಳದ ಎದುರಿನ ಖೋಲಿಯಲ್ಲಿ ಅಶ್ವಿನಿಯ ತಲೆ ಒಣಗಿಸುತ್ತಿದ್ದರು. ಹೊರಗಿನ ಗದ್ದಲ ಕೇಳಿ, ವಧು ಅರ್ಧ ಒಣಗಿದ ಕೂದಲಿನಲ್ಲೇ ಎದ್ದು ಬಂದು ಅಪ್ಪನನ್ನು ನೋಡಿದರು, ಲಾರಿಯನ್ನು ನೋಡಿದರು, ನಂತರ ಕೈನಾತ ಅವರ ಕೈಯಲ್ಲಿದ್ದ ಯಂತ್ರವನ್ನು ನೋಡಿದರು.

"ಅಕ್ಕಾ, ನನ್ನ ತಲಿ ತಾನ ಒಣಗ್ತೈತಿ. ಮೊದಲ ಅದನ್ನ ಒಣಗಸು."

"ಲಾರೀನ? ಅಯ್ ಅಲ್ಲಾ, ನಾಳಿ ನಾ ಇದನ್ನ ಯಾರ ತಲಿಗೆ ಹಿಡೀಲಿ?"

"ನನ್ನ ಲಗ್ನ ಮುರದ್ರ ಇವತ್ತ ಯಾರ ತಲಿಗೆ ಹಿಡಿತಿ?"

ಸದರಿ ವಾದವನ್ನು ಒಪ್ಪಲಾಯಿತು. ಕ್ಯಾಬಿನನ್ನು ಮತ್ತೆ ಬಗ್ಗಿಸಲಾಯಿತು. ಮೋತಿಲಾಲ ಬ್ಯಾಟರಿಯ ತಂತಿ ಬಿಚ್ಚಿ, ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದರು. ಅದರೊಳಗಿಂದ ಶಾಂಪೂವಿನ ಪರಿಮಳದ ನೀರು ಹರಿಯಿತು. ಕೈನಾತ ಅವರು ದುಪ್ಪಟ್ಟಾ ಸೊಂಟಕ್ಕೆ ಸುತ್ತಿ ಬಂಪರಿನ ಮೇಲೆ ಹತ್ತಿ ನಿಂತು, ತಂತಿಗಳನ್ನು ಒಂದೊಂದೇ ಎಳೆ ಬಿಡಿಸಿ, ತುದಿಯಿಂದ ಬುಡಕ್ಕೆ ಬಿಸಿಗಾಳಿ ಹಿಡಿದರು. ಇಷ್ಟು ಕಾಳಜಿಯಿಂದ ಮಂಡಳಿಯ ಲಾರಿಯನ್ನು ಯಾರೂ ಮುಟ್ಟಿರಲಿಲ್ಲ. ನಡುವೆ ಅಭ್ಯಾಸಬಲದಿಂದ "ಬಿಸಿ ಆತೇನ್ ಅಕ್ಕಾ?" ಎಂದು ಎಂಜಿನ್ನನ್ನು ಕೇಳಿರುವುದು ದಾಖಲಾಗಿದೆ. ಅರ್ಧಕ್ಕೂ ಹೆಚ್ಚು ತಂತಿ ಒಣಗಿದ ಮೇಲೆ ಯಂತ್ರ ಸುಟ್ಟ ವಾಸನೆ ಬಂದು ನಿಂತುಹೋಯಿತು. ಉಳಿದ ತಂತಿಗಳನ್ನು ಬಿಸಿಲಿಗೆ ಬಿಡಲಾಯಿತು. ವಧುವಿನ ಕೂದಲನ್ನು ಒದ್ದೆಯಾಗಿಯೇ ತುರುಬು ಕಟ್ಟಿ, ನೀರು ತೊಟ್ಟಿಕ್ಕುವ ಕಡೆಗಳಲ್ಲಿ ಮಲ್ಲಿಗೆ ಹೆಚ್ಚು ಮುಡಿಸಲಾಯಿತು.

6. ಒದ್ದೆ ಲಾರಿ ನಿಂತಿರುವ ಅಂಗಳದೊಳಗೆ ನೀರಿನ ವಾಹನಗಳಿಗೆ ಪ್ರವೇಶವಿಲ್ಲ. ವಾಹನದಲ್ಲಿ ಮದುಮಗನಿದ್ದಲ್ಲಿ ಮದುಮಗನಿಗೆ ಮಾತ್ರ ಪ್ರವೇಶವಿದೆ.

ಈ ನಿಯಮಕ್ಕೆ ಕಾರಣವಾದ ಸಂಗತಿ: ವರ ಭರತ ಅವರು ದೊಡ್ಡಪ್ಪನ ಮಾತು ಕೇಳಲಿಲ್ಲ. ಅಶ್ವಿನಿಗೆ ಫೋನು ಮಾಡಿ, "ನೀವು ಬರಾಕ ಆಗಲಿಲ್ಲಂದ್ರ ನಾನ ಬರ್ತೇನಿ. ಅಲ್ಲೇ ಇರು, ಎಲ್ಲೂ ಹೋಗಬ್ಯಾಡ" ಎಂದರು. ಎಲ್ಲಿಗಾದರೂ ಹೋಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲವೆಂಬುದನ್ನು ಶಾಖೆ ಗಮನಿಸಿದೆ. ಬೇರೆ ಗಾಡಿ ಸಿಗದೆ, ಬಾಸಿಂಗ ಕಟ್ಟಿಕೊಂಡೇ ಟ್ಯಾಂಕರ್ ಹತ್ತಿ, ತಾಯಿಯನ್ನೂ ಮುನಿದ ದೊಡ್ಡಪ್ಪನನ್ನೂ ಗೆಳೆಯರೊಬ್ಬರನ್ನೂ ಪಕ್ಕದಲ್ಲಿ ಕೂಡಿಸಿಕೊಂಡು, ತಾವೇ ಓಡಿಸಿಕೊಂಡು ಬಂದರು.

'ನೀರು' ಎಂದು ದೊಡ್ಡದಾಗಿ ಬರೆದ ವಾಹನವೊಂದು ಅಂಗಳದತ್ತ ತಿರುಗಿದ್ದನ್ನು ಕಂಡ ಶಾಖೆಯ ಮುಖ್ಯಸ್ಥರು, ಎರಡೂ ಕೈ ಚಾಚಿ ಗೇಟಿಗೆ ಅಡ್ಡ ಓಡಿದರು.

"ಒಂದ ಹನಿ ಒಳಗ ಬಿಡಂಗಿಲ್ಲ! ಈಗಷ್ಟ ಒಣಗಾಕತ್ತೇತಿ!"

"ಸಾಹೇಬ್ರ, ಅಂವ ಮದಮಗ ಅದಾನ್ರೀ!" ಎಂದು ಕಂಠೆಪ್ಪ ಹಿಂದಿನಿಂದ ಕೂಗಿದರು.

ಸ್ಥಳದಲ್ಲೇ ಆದೇಶ ತಿದ್ದುಪಡಿಯಾಗಿ, ಟ್ಯಾಂಕರನ್ನು ರಸ್ತೆಯ ಆಚೆ ನಿಲ್ಲಿಸಿ, ವರನು ಕಾಲ್ನಡಿಗೆಯಲ್ಲಿ ಬರಲು ಅನುಮತಿ ನೀಡಲಾಯಿತು. ದೊಡ್ಡಪ್ಪನವರು ಶಕುನದ ಮಾತು ಎತ್ತುವ ಮೊದಲೇ ಫಕೀರವ್ವ ಅವರಿಗೆ ಲಿಂಬೆ ಪಾನಕ ಕೊಟ್ಟು, "ಕುಡೀರಿ ಬೀಗರ, ಬಿಸಲಾಗ ಬಂದೀರಿ" ಎಂದರು. ಎರಡನೆಯ ಲೋಟದ ನಂತರ ದೊಡ್ಡಪ್ಪನವರು ಶಕುನವನ್ನು ಪ್ರಸ್ತಾಪಿಸಿಲ್ಲ.

7. ಲಾರಿಯು ಮದುವೆಗೆ ಹೋಗಲಾಗದಿದ್ದಲ್ಲಿ, ಮದುವೆಯನ್ನು ಲಾರಿಯಲ್ಲಿಯೇ ನಡೆಸಬಹುದು. ಅಂಥ ಸಂದರ್ಭದಲ್ಲಿ ಲಾರಿಯು ಗೇರಿನಲ್ಲಿ ಇಲ್ಲದಿರುವುದನ್ನು ಅಯ್ಯನವರು ಖಚಿತಪಡಿಸಿಕೊಂಡ ಮೇಲೆಯೇ ಮಂತ್ರ ಆರಂಭಿಸತಕ್ಕದ್ದು.

ಮುಹೂರ್ತ ಮೀರುತ್ತಿದ್ದ ಕಾರಣ ತೋರಣ ಕಟ್ಟಿದ ಹಿಂಬದಿಯೇ ಮಂಟಪವಾಯಿತು. ವಧೂವರರನ್ನು ಎದುರುಬದುರು ನಿಲ್ಲಿಸಿ ಅಂತರಪಟ ಹಿಡಿಯಲಾಯಿತು. ಊದುವವರೂ ಬಾರಿಸುವವರೂ ಉಸಗಾಂವದಲ್ಲಿ ಉಳಿದಿದ್ದರಿಂದ ಗಟ್ಟಿಮೇಳಕ್ಕೆ ಏನು ಮಾಡುವುದೆಂದು, ಮದುವೆ ಮಾಡಿಸಲು ಬಳಗದ ಜೊತೆ ಹೊರಟಿದ್ದ ಅಯ್ಯನವರು ಕೇಳಿದರು. ಫೋಟೊದಲ್ಲಿ ಲಾರಿ ಸರಿಯಾಗಿ ಕಾಣಲೆಂದು ಮೋತಿಲಾಲ ಆಗಷ್ಟೇ ಕ್ಯಾಬಿನ್ ಇಳಿಸಿ ಬ್ಯಾಟರಿಯ ತಂತಿ ಜೋಡಿಸಿದ್ದರು. ಒಳಗೆ ಉಳಿದಿದ್ದ ಹನಿಯೊಂದು ಎಲ್ಲಿಗೆ ತಗುಲಿತೋ, ಹಾರ್ನ್ ತಾನಾಗಿ ಹೊಡೆದುಕೊಳ್ಳತೊಡಗಿತು. ಸಣ್ಣ ಹಾರ್ನ್ ಅಲ್ಲ. ಘಾಟಿಯ ತಿರುವುಗಳಲ್ಲಿ ಎದುರಿನವರನ್ನು ಹೆದರಿಸಲು ಇಟ್ಟದ್ದು.

ಜನ ಇದನ್ನೇ ಗಟ್ಟಿಮೇಳವೆಂದು ತಿಳಿದು ಅಕ್ಷತೆ ಹಾಕಿದರು. ಹಾರ್ನ್ ನಿಲ್ಲಲಿಲ್ಲ. ಅದನ್ನು ನಿಲ್ಲಿಸಲೆಂದು ಮೋತಿಲಾಲ ಒಳಗೆ ಹಾರಿ ಕೀಲಿ ತಿರುಗಿಸಿದರು. ಹಾರ್ನ್ ನಿಂತಿತು, ಬೆಳಗಿನಿಂದ ಯಾವ ಕೈಗುಣಕ್ಕೂ ಬಗ್ಗದಿದ್ದ ಎಂಜಿನ್ ಆ ಕ್ಷಣಕ್ಕೆ ಚಾಲೂ ಆಯಿತು. ಗೇರಿನಲ್ಲಿದ್ದ ಲಾರಿ ಒಮ್ಮೆ ಮುಂದಕ್ಕೆ ಜಿಗಿದು, ಮೋತಿಲಾಲ ಕ್ಲಚ್ ತುಳಿದ ಮೇಲೆ ಎಂಜಿನ್ ಓಡುತ್ತಿರುವಂತೆಯೇ ನಿಂತಿತು. ಅಂತರಪಟ ಹಿಡಿದವರು ಬಟ್ಟೆಯ ಸಮೇತ ಬಿದ್ದರು. ವಧು ವರನ ಮೇಲೆ ಬಿದ್ದರು. ವರ ಬಾಳೆಕಂಬವನ್ನು ಒಂದು ಕೈಯಲ್ಲಿ, ವಧುವನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡರು. ಕರಿ ಹೊಗೆ ಎಲ್ಲರನ್ನೂ ಮುಚ್ಚಿತು. ಹೊಗೆ ಇಳಿದಾಗ ಅಶ್ವಿನಿ, ಮುಖಕ್ಕೆಲ್ಲ ಮಸಿಯಾಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಭರತ ಅದೇ ಸ್ಥಿತಿಯಲ್ಲಿ ತಾಳಿ ಕಟ್ಟಿದರು. ಎಂಜಿನ್ ಬಂದ್ ಮಾಡುವ ಧೈರ್ಯ ಯಾರಿಗೂ ಇರಲಿಲ್ಲವಾದ್ದರಿಂದ ಅಯ್ಯನವರ ಮಂತ್ರಗಳನ್ನು ಯಾರೂ ಕೇಳಿಸಿಕೊಂಡಿಲ್ಲ. ಆದರೂ ಮದುವೆ ಸಿಂಧುವೆಂದು ಪರಿಗಣಿಸಲಾಗಿದೆ.

8. ತೊಳೆದ ಎಂಜಿನ್ ಒಮ್ಮೆ ಚಾಲೂ ಆದ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಓಡಲು ಬಿಡತಕ್ಕದ್ದು. ಆದರೆ ಹಾಗೆ ಓಡುತ್ತಿದೆ ಎಂಬ ಒಂದೇ ಕಾರಣಕ್ಕೆ, ಜನರನ್ನು ಬಿಟ್ಟು ಹೊರಡತಕ್ಕದ್ದಲ್ಲ.

ಇದು ಈ ಸುತ್ತೋಲೆಯ ಅತಿ ಮುಖ್ಯ ಕಲಮು. ಊಟ ಉಸಗಾಂವದಲ್ಲಿ ಆರುತ್ತಿತ್ತು. ಎಂಜಿನ್ ಮತ್ತೆ ನಿಂತೀತೆಂಬ ಭಯದಿಂದ ಮೋತಿಲಾಲ ಅವರು "ಹತ್ರಿ ಹತ್ರಿ ಹತ್ರಿ" ಎನ್ನುತ್ತ ಲಾರಿ ಬಿಟ್ಟೇಬಿಟ್ಟರು. ಟ್ಯಾಂಕರನ್ನು ಭರತ ಅವರ ಜೊತೆ ಬಂದಿದ್ದ ಗೆಳೆಯರು ಅದಾಗಲೇ ಮುಂದೆ ಒಯ್ದಿದ್ದರು. ಮಗಳ ಉಡಿ ತುಂಬುವ ಅಕ್ಕಿ, ಕೊಬ್ಬರಿ ಖೋಲಿಯಲ್ಲೇ ಉಳಿದಿವೆಯೆಂದು ಫಕೀರವ್ವ ಅದನ್ನು ತರಲು ಹೋಗಿದ್ದರು.

ಲಾರಿ ಗೇಟು ದಾಟುವಾಗ, ಅವರು ಗಂಟು ಎದೆಗೆ ಅವಚಿಕೊಂಡು, ಒಂದು ಕೈ ಬೀಸುತ್ತ, ಏನೋ ಕೂಗುತ್ತ ಹಿಂದೆ ಓಡಿ ಬಂದರು. ಎಂಜಿನ್ ಸದ್ದಿನಲ್ಲಿ ಮಾತು ಕೇಳಲಿಲ್ಲ. ಹೆತ್ತ ಕರುಳು ಮಗಳನ್ನು ಬೀಳ್ಕೊಡುತ್ತಿದೆ ಎಂದು ತಿಳಿದು ಲಾರಿಯಲ್ಲಿದ್ದ ಹೆಂಗಸರೆಲ್ಲ ಅಳತೊಡಗಿದರು. ಕಂಠೆಪ್ಪ ಟವೆಲಿನಲ್ಲಿ ಕಣ್ಣು ಒರೆಸಿಕೊಂಡರು. ಅಶ್ವಿನಿ ಬಿಕ್ಕಿ ಬಿಕ್ಕಿ ಅಳುತ್ತ, ಅವ್ವ ಕಾಣುವವರೆಗೂ ಕೈ ಬೀಸಿದರು. ಶಾಖೆಯ ಮುಖ್ಯಸ್ಥರೂ ಬೀಸಿದರು. ಕನ್ನಡಿಯಲ್ಲಿ ನೋಡಿದ ಮೋತಿಲಾಲ ಗೌರವಪೂರ್ವಕವಾಗಿ ಹಾರ್ನ್ ಹೊಡೆದರು.

ಫಕೀರವ್ವ ಅವರ ಹೇಳಿಕೆಯ ಪ್ರಕಾರ ಅವರು ಕೂಗಿದ್ದು ಹೀಗೆ: "ನಿಂದರ್ರೋ! ನಾ ಇನ್ನೂ ಹತ್ತಿಲ್ಲೋ! ನಿಮ್ಮ ಲಾರಿಗೆ ಬೆಂಕಿ ಹಚ್ಚಲಿ, ನಿಂದರ್ರೋ!"

ಉಸಗಾಂವ ತಲುಪಿ ಎಲೆ ಹಾಕಿದ ಮೇಲೆ, ಉಡಿ ತುಂಬುವವರು ಯಾರೆಂದು ವರನ ತಾಯಿ ಕೇಳಿದಾಗಲೇ ವಿಷಯ ಬೆಳಕಿಗೆ ಬಂತು. ಅಶ್ವಿನಿ ಎಲೆಯ ಮುಂದಿನಿಂದ ಎದ್ದುಬಿಟ್ಟರು: "ಅವ್ವ ಬರೂತನಕ ನಾ ತುತ್ತ ಮುಟ್ಟಂಗಿಲ್ಲ." ಮೋತಿಲಾಲ ಲಾರಿಯತ್ತ ಓಡಿದರು. ಲಾರಿ 'ಟಕ್' ಎಂದಿತು.

ಆಗ ಭರತ, ಬಾಸಿಂಗ ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ಟ್ಯಾಂಕರ್ ಹತ್ತಿ ಬಂದ ದಾರಿಯಲ್ಲೇ ತಿರುಗಿ ಹೋದರು. ಸಾಂಕೋಲೆಯ ಅಂಗಳದ ಗೇಟಿನ ಬಳಿ ಅತ್ತೆಯವರು ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಅತ್ತಿರಲಿಲ್ಲ. ಅಳಿಯನನ್ನು ಕಂಡ ಮೇಲೆ ಅತ್ತರು. "ಬಸ್ಸಿಗೆ ಬರ್ತಿದ್ದೆಪಾ," ಎಂದರು, "ಆದ್ರ ಕರಿಯಾಕ ಯಾರೂ ಬರಲಿಲ್ಲಂದ್ರ, ಹೆಂಗ ಹೋಗ್ಲಿ ಅಂತ ಕೂತೆ." ಭರತ ಅವರು, "ನಾ ಬಂದೇನಲ್ರಿ ಅತ್ತಿ, ಮುಂದ ಕೂಡ್ರಿ" ಎಂದು ಅವರನ್ನು ಕ್ಯಾಬಿನ್ನಿಗೆ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಫಕೀರವ್ವ, ಮಗಳಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ, ಸಿಟ್ಟು ಬಂದರೆ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದನ್ನು ಅಳಿಯನಿಗೆ ಹೇಳುತ್ತ ಬಂದರು. ಸದರಿ ಮಾಹಿತಿ ಬಹಳ ಉಪಯುಕ್ತವಾಗಿತ್ತೆಂದು ಭರತ ಅವರು ಶಾಖೆಗೆ ತಿಳಿಸಿದ್ದಾರೆ. ಅವರು ಬರುವವರೆಗೆ ಯಾರೂ ಉಣ್ಣಲಿಲ್ಲ, ದೊಡ್ಡಪ್ಪನವರೂ ಉಣ್ಣಲಿಲ್ಲ. ಸಂಜೆಯ ತಂಪಿನಲ್ಲಿ ಉಡಿ ತುಂಬಿದ ಮೇಲೆ ಎಲ್ಲರೂ ಕೂಡಿ ಆರಿದ ಅನ್ನ ಉಂಡರು. ಚಲೋ ಇತ್ತೆಂದು ವರದಿಯಾಗಿದೆ.

9. ಆದ್ದರಿಂದ, ಲಾರಿಯ ಹಿಂದೆ ಅಳುಮುಖದಿಂದ ಕೈ ಬೀಸುತ್ತ ಓಡಿ ಬರುವವರು ಬೀಳ್ಕೊಡುತ್ತಿದ್ದಾರೋ ಅಥವಾ ಹತ್ತಬೇಕಾಗಿದೆಯೋ ಎಂಬುದನ್ನು, ಚಾಲಕರು ಲಾರಿ ನಿಲ್ಲಿಸಿ, ಇಳಿದು, ಸೌಜನ್ಯದಿಂದ ಕೇಳಿ ತಿಳಿದುಕೊಳ್ಳತಕ್ಕದ್ದು. ಎರಡೂ ಹೌದೆಂದಾದಲ್ಲಿ ಮೊದಲು ಹತ್ತಿಸಿಕೊಳ್ಳತಕ್ಕದ್ದು.

10. ಎಂಜಿನ್ನೊಳಗೆ ನೀರು ಹೊಕ್ಕಿದ್ದಕ್ಕೆ ಹೊಣೆ ಯಾರೆಂದು ವಿಚಾರಣೆ ನಡೆಸಲಾಗಿದ್ದು, ನೀರು ಸ್ವಂತ ಇಚ್ಛೆಯಿಂದ ಹೊಕ್ಕಿದೆ ಎಂದು ಕಂಡುಬಂದಿದೆ. ಅದು ಆವಿಯಾಗಿ ಹೋಗಿರುವುದರಿಂದ ನೋಟಿಸು ಜಾರಿಯಾಗಿಲ್ಲ.

ಈ ನಿಯಮಗಳು ಲಾರಿಯು ಉಸಗಾಂವದಿಂದ ಮರಳಿ ಬಂದ ಕ್ಷಣದಿಂದ ಜಾರಿಗೆ ಬರತಕ್ಕದ್ದು. ಇನ್ನೂ ಬಂದಿಲ್ಲ.

(ಸಹಿ)
ಅಪ್ಪಾಸಾಬ
ಪ್ರಭಾರ ಮುಖ್ಯಸ್ಥರು, ತೊಳೆಯುವಿಕೆ ಮತ್ತು ಚಾಲನೆ ಶಾಖೆ
(ತೊಳೆಯುವಿಕೆಯ ಅಧಿಕಾರವನ್ನು ತಾತ್ಕಾಲಿಕವಾಗಿ ಹಿಂಪಡೆಯಲಾಗಿದೆ)

ಪ್ರತಿ ತಲುಪಬೇಕಾದವರು:

1. ಮಂಡಳಿಯ ಉಳಿದ ನಾಲ್ಕು ಶಾಖೆಗಳು: ನಗದೆ ಓದಿಕೊಳ್ಳಲು.
2. ಚಾಲಕ ಮೋತಿಲಾಲ, ಹಾಲಿ ಮುಕ್ಕಾಂ ಉಸಗಾಂವ, ಲಾರಿಯ ಕ್ಯಾಬಿನ್: ಪಾಲನೆಗಾಗಿ.
3. ವಾಹನ ತೊಳೆಯುವ ಜಾಗದ ಮಾಲೀಕರು: ಮುಂದಿನ ಎಚ್ಚರಿಕೆಯನ್ನು ಕೈಸನ್ನೆಯಲ್ಲಿ ಕೊಡುವಂತೆ ಕೋರಿ.
4. ಶ್ರೀಮತಿ ಕೈನಾತ, ವಾಸ್ಕೋ: ಹೊಸ ಯಂತ್ರದ ಜೊತೆಗೆ, ವಂದನೆಗಳೊಂದಿಗೆ. ಮಂಡಳಿಯ ಎಂಜಿನ್ನಿಗೆ ಇಂದಿಗೂ ಮಲ್ಲಿಗೆಯ ವಾಸನೆ ಇದೆ.
5. ಶ್ರೀಮತಿ ಫಕೀರವ್ವ, ಸಾಂಕೋಲೆ: ಮುಖ್ಯಸ್ಥರು ಸ್ವತಃ ಮನೆಗೆ ಹೋಗಿ, ಹೊಸ್ತಿಲ ಹೊರಗೆ ನಿಂತು ಓದಿ ಹೇಳತಕ್ಕದ್ದು. ಅವರು ಬೈದಲ್ಲಿ ಕೇಳಿಕೊಂಡು ಬರತಕ್ಕದ್ದು. ಒಳಗೆ ಕರೆದು ರೊಟ್ಟಿ ಬಡಿದು ಹಾಕಿದಲ್ಲಿ ಬೇಡವೆನ್ನದೆ ಉಂಡು, ಕಡತವನ್ನು ಮುಕ್ತಾಯಗೊಳಿಸತಕ್ಕದ್ದು.